ಮುಂಗಡಕ್ಕೆ ಮುನ್ನ ಮಂಟಪ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆ ಗಾದೆಯಲ್ಲಿ ‘ನೋಡು’ ಎಂಬ ಮಾತು ಎರಡು ಸಲ ಬರುತ್ತದೆ. ಮನೆ ಕಟ್ಟಲು ಹೊರಟವನು ಅದನ್ನು ಅಕ್ಷರಶಃ ಪಾಲಿಸುತ್ತಾನೆ. ನಿವೇಶನವನ್ನು ಕೊಳ್ಳುವ ಮುನ್ನ ಅದರ ಸುತ್ತ ನಾಲ್ಕು ಸಲ ಸುತ್ತುತ್ತಾನೆ. ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುವುದೆಂದು ನೆರೆಯವರನ್ನು ಕೇಳುತ್ತಾನೆ. ಪಕ್ಕದ ಬಾವಿಗೆ ಬಗ್ಗಿ ನೋಡುತ್ತಾನೆ. ದಿಕ್ಕು ಬಲ್ಲವರನ್ನು ಕರೆತಂದು ನಿಲ್ಲಿಸುತ್ತಾನೆ. ಅದೇ ಮನುಷ್ಯ ಮಗಳ ಮದುವೆಗೆ ಕಲ್ಯಾಣಮಂಟಪವನ್ನು ಗೊತ್ತುಮಾಡುವಾಗ ಏನು ಮಾಡುತ್ತಾನೆ? ಮೊಬೈಲಿನಲ್ಲಿ ನಾಲ್ಕು ಚಿತ್ರಗಳನ್ನು ನೋಡಿ, ಒಂದು ಮಾತು ಫೋನಿನಲ್ಲಿ ಆಡಿ, ಕುಳಿತಲ್ಲಿಂದಲೇ ಮುಂಗಡ ಹಣವನ್ನು ಕಳುಹಿಸಿಬಿಡುತ್ತಾನೆ. ಹತ್ತು ರೂಪಾಯಿಯ ತೆಂಗಿನಕಾಯಿಯನ್ನಾದರೂ ಕಿವಿಯ ಬಳಿ ಅಲ್ಲಾಡಿಸಿ ಕೊಳ್ಳುತ್ತಿದ್ದ ಜನ, ಎರಡು ದಿನದ ಬಾಡಿಗೆಗೆ ಲಕ್ಷ ರೂಪಾಯಿ ಕೇಳುವ ಮಂಟಪವನ್ನು ಕಣ್ಣಿನಿಂದ ಕಾಣದೆಯೇ ಒಪ್ಪಿಕೊಳ್ಳುವರೆಂದರೆ ಆಶ್ಚರ್ಯವಲ್ಲವೆ?

ಇದಕ್ಕೆ ಕಾರಣವಿಲ್ಲದಿಲ್ಲ. ಒಂದು ಕಾಲದಲ್ಲಿ ಮದುವೆ ನಡೆಯುತ್ತಿದ್ದುದು ಮನೆಯ ಅಂಗಳದಲ್ಲಿ. ಅಡಕೆಮರದ ಕಂಬ ನೆಟ್ಟು, ತೆಂಗಿನ ಗರಿಯ ಚಪ್ಪರ ಹಾಕಿ, ಹಿತ್ತಲಿನಲ್ಲಿ ಕೋಡೊಲೆ ತೋಡಿದರೆ ಅರ್ಧ ಕೆಲಸ ಮುಗಿದಂತೆ. ಆ ಅಂಗಳದ ಗುಣದೋಷಗಳು ಮನೆಯ ಯಜಮಾನನಿಗೆ ಹುಟ್ಟಿದಂದಿನಿಂದ ಗೊತ್ತು. ಗಾಳಿ ಯಾವ ಕಡೆಯಿಂದ ಬೀಸುವುದು, ಒಲೆಯ ಹೊಗೆ ಎತ್ತ ಹೋಗುವುದು, ಬಾವಿಯಲ್ಲಿ ಎಷ್ಟು ಕೊಡ ಸೇದಿದರೆ ಕೆಸರು ಬರುವುದು, ಯಾವ ಹೊಸ್ತಿಲಿನಲ್ಲಿ ಮುದುಕರು ಎಡವುವರು, ಎಲ್ಲವೂ ಅವನಿಗೆ ಕರತಲಾಮಲಕ. ಮದುವೆ ಮನೆಯನ್ನು ಬಿಟ್ಟು ಛತ್ರಕ್ಕೆ ಹೋಯಿತು. ಛತ್ರದಿಂದ ಕಲ್ಯಾಣಮಂಟಪಕ್ಕೆ, ಸಮುದಾಯಭವನಕ್ಕೆ, ಊರ ಹೊರಗಿನ ಕನ್ವೆನ್ಷನ್ ಹಾಲಿಗೆ ಹೋಯಿತು. ಪಾತ್ರೆಪಡಗ ಹೋಯಿತು, ಜಮಖಾನೆ ಹೋಯಿತು, ನೆಂಟರಿಷ್ಟರೂ ಹೋದರು. ಆದರೆ ಸ್ಥಳದ ಆ ತಿಳಿವಳಿಕೆ ಮಾತ್ರ ಮನೆಯಲ್ಲೇ ಉಳಿಯಿತು. ಕಳೆದುಹೋದ ಆ ತಿಳಿವಳಿಕೆಯನ್ನು ಮರಳಿ ಪಡೆಯಲು ಇರುವ ದಾರಿ ಒಂದೇ: ಮುಂಗಡ ಕೊಡುವ ಮುನ್ನ ಅಲ್ಲಿಗೆ ಹೋಗಿ ಅರ್ಧ ದಿನ ಕಳೆಯುವುದು.

ಚಿತ್ರಗಳಿವೆಯಲ್ಲ ಎನ್ನಬಹುದು. ಚಿತ್ರ ಸುಳ್ಳು ಹೇಳುವುದಿಲ್ಲ ನಿಜ, ಆದರೆ ತನ್ನನ್ನು ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡುತ್ತದೆ. ಮಂಟಪದ ಚಿತ್ರವನ್ನು ತೆಗೆಯುವವನು ಜನರಿಲ್ಲದ ಹೊತ್ತನ್ನೇ ಆರಿಸುತ್ತಾನೆ. ದೀಪಗಳನ್ನೆಲ್ಲ ಹೊತ್ತಿಸಿ, ಮೂಲೆಯಲ್ಲಿ ನಿಂತು, ಕಿರಿದನ್ನು ಹಿರಿದಾಗಿ ತೋರಿಸುವ ಮಸೂರವನ್ನು ಬಳಸುತ್ತಾನೆ. ಮೂರು ಸಾವಿರ ಚದರಡಿಯ ಹಜಾರ ಅರಮನೆಯಂತೆ ಕಾಣುತ್ತದೆ. ಕಂಬದ ಹಿಂದೆ ಕುಳಿತವನಿಗೆ ಧಾರೆ ಕಾಣುವುದಿಲ್ಲವೆಂಬುದು ಆ ಚಿತ್ರದಲ್ಲಿ ಇರುವುದಿಲ್ಲ. ಹಿತ್ತಲಿನ ಚರಂಡಿಯ ವಾಸನೆ ಇರುವುದಿಲ್ಲ. ಪಕ್ಕದ ಕಲ್ಲುಕುಯ್ಯುವ ಯಂತ್ರದ ಸದ್ದು ಇರುವುದಿಲ್ಲ. ಅಡಿಗೆಮನೆಯ ಚಿತ್ರವಂತೂ ಇರುವುದೇ ಇಲ್ಲ. ಇಲ್ಲದಿರುವುದೇ ಅದರ ಬಗೆಗೆ ಸಾಕಷ್ಟು ಹೇಳುತ್ತದೆ.

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ಶಿವಮೊಗ್ಗದ ಕೋಟೆಯ ಬೀದಿಯಲ್ಲಿ ಒಬ್ಬ ರಾಯರಿದ್ದಾರೆ ಎಂದಿಟ್ಟುಕೊಳ್ಳೋಣ. ಶಿವಪ್ಪನಾಯಕನ ಅರಮನೆಗೂ ಆಂಜನೇಯನ ಗುಡಿಗೂ ಕೂಗಳತೆಯಲ್ಲಿ ಮನೆ. ಮಗಳಿಗೆ ಭದ್ರಾವತಿಯ ವರ ಗೊತ್ತಾಗಿದೆ, ಮುಹೂರ್ತ ಜ್ಯೇಷ್ಠದಲ್ಲಿ. ಬೀಗರ ಕಡೆಯವರು ಇನ್ನೂರು ಮಂದಿ, ಒಟ್ಟು ಒಂಬೈನೂರು ಎಲೆ. ಮಗ ಮೊಬೈಲನ್ನು ತಂದು ತಂದೆಯ ಮುಂದೆ ಹಿಡಿಯುತ್ತಾನೆ.

“ಅಪ್ಪ, ಇದನ್ನು ನೋಡಿ. ಸಾವಿರ ಜನ ಹಿಡಿಸುತ್ತದೆಯಂತೆ. ಇವತ್ತು ಹಣ ಕಳುಹಿಸದಿದ್ದರೆ ನಾಳೆ ಬೇರೆಯವರ ಪಾಲಾಗುತ್ತದೆಯಂತೆ.”

ರಾಯರು ಕನ್ನಡಕವನ್ನು ಹುಡುಕುವಷ್ಟರಲ್ಲಿ, ಭದ್ರಾವತಿಯಿಂದ ಬಂದಿರುವ ಅವರ ಸೋದರತ್ತೆ ಒಳಗಿನಿಂದ ಕೇಳುತ್ತಾರೆ: “ಸಾವಿರ ಜನ ಹಿಡಿಸುವುದೆಂದರೆ ನಿಂತೋ, ಕುಳಿತೋ, ಉಣ್ಣುತ್ತಲೋ?”

“ಅದನ್ನು ಕೇಳಲಿಲ್ಲ ಅಜ್ಜಿ.”

“ಹಾಗಾದರೆ ಆಟೋ ಕರೆಸಪ್ಪ. ಕೇಳಿಕೊಂಡು ಬರೋಣ.”

ಆ ಮುದುಕಿಯ ಪ್ರಶ್ನೆಯಲ್ಲಿ ಇಡೀ ಶಾಸ್ತ್ರವೇ ಅಡಗಿದೆ. ಸಾವಿರ ಆಸನದ ಸಭಾಂಗಣವೆಂದರೆ ಸಾವಿರ ಜನರ ಊಟದ ಮನೆಯಲ್ಲ. ಊಟದ ಹಜಾರದಲ್ಲಿ ಒಮ್ಮೆಗೆ ಇನ್ನೂರು ಎಲೆ ಬೀಳುವುದಾದರೆ ಒಂಬೈನೂರು ಜನರಿಗೆ ಐದು ಪಂಕ್ತಿಗಳಾಗಬೇಕು. ಎಲೆ ಹಾಕಿ, ಬಡಿಸಿ, ಉಂಡು, ಎಲೆ ತೆಗೆದು, ಒರೆಸಿ ಮತ್ತೆ ಎಲೆ ಹಾಕುವುದಕ್ಕೆ ನಲವತ್ತು ನಿಮಿಷವೆಂದು ಹಿಡಿದರೂ ಮೂರು ಗಂಟೆ ಇಪ್ಪತ್ತು ನಿಮಿಷ. ಹನ್ನೆರಡೂವರೆಗೆ ಮೊದಲನೆಯ ಪಂಕ್ತಿ ಕುಳಿತರೆ ಕಡೆಯ ಪಂಕ್ತಿ ಏಳುವ ಹೊತ್ತಿಗೆ ನಾಲ್ಕಕ್ಕೆ ಹತ್ತು ನಿಮಿಷ. ಆ ಕಡೆಯ ಪಂಕ್ತಿಯಲ್ಲಿ ಕುಳಿತುಕೊಳ್ಳುವವರು ಯಾರೆಂಬುದು ಎಲ್ಲರಿಗೂ ಗೊತ್ತು: ಮನೆಯ ಹೆಂಗಸರು, ಬಡಿಸಿದ ಹುಡುಗರು, ಬೆಳಗಿನಿಂದ ಉಪವಾಸವಿದ್ದ ಕನ್ಯಾಪಿತೃ. ಕುರ್ಚಿಗಳ ಹಿಂದೆ ಮುಂದಿನ ಪಂಕ್ತಿಯವರು ಬೆನ್ನಿಗೆ ಅಂಟಿ ನಿಂತಿರುವ ದೃಶ್ಯವನ್ನಂತೂ ಇಂದಿನ ಮದುವೆಗಳಲ್ಲಿ ನೋಡದವರಿಲ್ಲ. ಅದು ಯಾರ ದುರಾಶೆಯೂ ಅಲ್ಲ. ಸ್ಥಳವನ್ನು ಅಳೆಯದೆ ಕರೆಯೋಲೆ ಹಂಚಿದುದರ ಫಲ.

ಮುದುಕಿ ಮಂಟಪಕ್ಕೆ ಹೋದವಳು ಮೊದಲು ವೇದಿಕೆಯ ಕಡೆ ನೋಡುವುದಿಲ್ಲ. ಗಾಜಿನ ತೂಗುದೀಪವನ್ನೂ ನೋಡುವುದಿಲ್ಲ. ನೇರವಾಗಿ ಅಡಿಗೆಮನೆಗೆ ಹೋಗುತ್ತಾಳೆ. ನಲ್ಲಿಯನ್ನು ತಿರುಗಿಸಿ ನೀರು ಎಷ್ಟು ದಪ್ಪಗೆ ಬೀಳುವುದೆಂದು ನೋಡುತ್ತಾಳೆ. ಕಾವಲುಗಾರನನ್ನು ಕರೆದು, “ಸಂಪು ಎಷ್ಟು ದೊಡ್ಡದಪ್ಪಾ? ಕೊಳವೆಬಾವಿಯ ನೀರೋ, ನಗರಸಭೆಯ ನೀರೋ? ಕರೆಂಟು ಹೋದರೆ ನೀರು ಮೇಲೆ ಏರುವುದು ಹೇಗೆ?” ಎಂದು ಕೇಳುತ್ತಾಳೆ. ವ್ಯವಸ್ಥಾಪಕರ ಬಾಯಲ್ಲಿ ಬರದ ನಿಜ ಕಾವಲುಗಾರನ ಬಾಯಲ್ಲಿ ಬರುತ್ತದೆ. ದೊಡ್ಡ ಮದುವೆಗಳಲ್ಲಿ ಎರಡು ಟ್ಯಾಂಕರ್ ತರಿಸುವುದುಂಟು ಎನ್ನುತ್ತಾನೆ ಅವನು. ಟ್ಯಾಂಕರಿನ ಹಣ ಯಾರದು? ಅದು ಬಾಡಿಗೆಯ ಚೀಟಿಯಲ್ಲಿ ಇಲ್ಲ. ಮುದುಕಿ ಉಗ್ರಾಣದ ಬಾಗಿಲಿಗೆ ಬೀಗ ಹಾಕಲು ಚಿಲಕವಿದೆಯೇ ಎಂದು ನೋಡುತ್ತಾಳೆ. ಊಟದ ಹಜಾರ ಮೊದಲನೆಯ ಮಹಡಿಯಲ್ಲಿದೆಯೆಂದು ತಿಳಿದಾಗ ಮಂಡಿಯನ್ನು ಹಿಡಿದುಕೊಂಡು ಮೆಟ್ಟಿಲೇರುತ್ತಾಳೆ. ಏರುತ್ತ ಮೆಟ್ಟಿಲುಗಳನ್ನು ಎಣಿಸುತ್ತಾಳೆ. ಇಪ್ಪತ್ತಾರು. ಎಂಬತ್ತು ದಾಟಿದ ಬೀಗರ ತಾಯಿ ಇದನ್ನು ಹತ್ತಿ ಉಣ್ಣಬೇಕು. ಹುಳಿಯ ಕೊಪ್ಪರಿಗೆಯನ್ನು ಇಬ್ಬರು ಹುಡುಗರು ಇದೇ ಮೆಟ್ಟಿಲಿನಲ್ಲಿ, ಇದೇ ಜನಜಂಗುಳಿಯ ನಡುವೆ, ಕುದಿಯುತ್ತಿರುವಾಗಲೇ ಮೇಲಕ್ಕೆ ಸಾಗಿಸಬೇಕು. ಲಿಫ್ಟು ಇದೆಯೆಂದು ಚಿತ್ರದಲ್ಲಿ ತೋರಿಸಿದ್ದರು. ಇದೆ, ಅದರ ಬಾಗಿಲಿಗೆ ಅಡ್ಡವಾಗಿ ಹಳೆಯ ಸೋಫಾ ಇಟ್ಟಿದ್ದಾರೆ.

ರಾಯರು ಅಷ್ಟರಲ್ಲಿ ಇನ್ನೊಂದನ್ನು ಕಂಡಿರುತ್ತಾರೆ. ಸಭಾಂಗಣಕ್ಕೆ ಎರಡು ಬಾಗಿಲುಗಳುಂಟು. ಹಿಂದಿನ ಬಾಗಿಲಿನ ಮುಂದೆ ಪ್ಲಾಸ್ಟಿಕ್ ಕುರ್ಚಿಗಳನ್ನು ಎದೆಯುದ್ದ ಪೇರಿಸಿದ್ದಾರೆ, ಬಾಗಿಲಿಗೆ ಬೀಗ. “ಕಳ್ಳತನವಾಗುತ್ತದೆಂದು ಹಾಕಿದೆ ಸ್ವಾಮಿ” ಎನ್ನುತ್ತಾನೆ ಕಾವಲುಗಾರ. ಬೀಗದ ಕೈ ಯಜಮಾನರ ಮನೆಯಲ್ಲಿದೆ.

ಈ ಬೀಗ ಹಾಕಿದ ಬಾಗಿಲಿನ ವಿಷಯ ನಗೆಯ ಮಾತಲ್ಲ. 2004ರ ಜನವರಿ 23ರಂದು ತಮಿಳುನಾಡಿನ ಶ್ರೀರಂಗದಲ್ಲಿ ಒಂದು ಮದುವೆ ನಡೆಯುತ್ತಿತ್ತು. ಮಂಟಪವಿದ್ದುದು ಮಹಡಿಯ ಮೇಲೆ. ಬಿಸಿಲಿಗೆಂದು ಹಾಕಿದ್ದುದು ಗರಿಯ ಮಾಡು. ವಿಡಿಯೋ ತೆಗೆಯುವವರ ದೀಪದ ತಂತಿಯಿಂದ ಕಿಡಿ ಹಾರಿ ಮಾಡಿಗೆ ತಗುಲಿತು. ಕೆಳಗಿಳಿಯಲು ಇದ್ದ ಮೆಟ್ಟಿಲು ಕಿರಿದು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಮದುವಣಿಗನೂ ಒಬ್ಬ. ಆ ಗರಿಯ ಮಾಡು, ಆ ಕಿರುಮೆಟ್ಟಿಲು ಎರಡೂ ಹಗಲು ಬೆಳಕಿನಲ್ಲಿ ಯಾರ ಕಣ್ಣಿಗಾದರೂ ಕಾಣುವಂತಹವು. ಅವನ್ನು ನೋಡಲು ಇಂಜಿನಿಯರ್ ಆಗಬೇಕಾಗಿರಲಿಲ್ಲ. ಬೆಂಗಳೂರಿನಲ್ಲಿ 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ ಉರಿದು 92 ಮಂದಿ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ 1989ರ ಫೆಬ್ರವರಿ 8ರಂದು ಟಿಪ್ಪೂ ಸುಲ್ತಾನನ ದೂರದರ್ಶನ ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು 62 ಜೀವಗಳು ಹೋದವು.

ಬೆಂಕಿಯೇ ಬೇಕೆಂದಿಲ್ಲ, ಬಾಗಿಲೊಂದೇ ಸಾಕು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕ್ರಿಕೆಟ್ ತಂಡದ ವಿಜಯೋತ್ಸವ. ಒಳಗೆ ಸುಮಾರು 35 ಸಾವಿರ ಆಸನ. ಹೊರಗೆ ಬಂದು ನಿಂತವರು ಲಕ್ಷಾಂತರ. ನೂಕುನುಗ್ಗಲಿನಲ್ಲಿ 11 ಮಂದಿ ಮಡಿದರು, ಹಲವರು ಹದಿಹರೆಯದವರು. ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಅವರ ವಿಚಾರಣಾ ಆಯೋಗ ಎತ್ತಿ ತೋರಿಸಿದ ದೋಷಗಳಲ್ಲಿ ಒಂದು ಗಮನಾರ್ಹವಾದುದು: ಕ್ರೀಡಾಂಗಣದ ಗೇಟುಗಳು ನೇರವಾಗಿ ಕಾಲುದಾರಿಯ ಮೇಲೆ ತೆರೆದುಕೊಳ್ಳುತ್ತವೆ; ಸರದಿ ನಿಲ್ಲುವವರಿಗೆ ಒಳಗೆ ಎಡೆಯಿಲ್ಲ; ಅವರು ರಸ್ತೆಯ ಮೇಲೇ ನಿಲ್ಲಬೇಕು. ಇದನ್ನು ಅರಿಯಲು ಆಯೋಗದ ವರದಿ ಬರುವವರೆಗೆ ಕಾಯಬೇಕಾಗಿತ್ತೆ? ಸಮಾರಂಭವನ್ನು ಏರ್ಪಡಿಸುವವರು ಹಿಂದಿನ ದಿನ ಗೇಟಿನ ಹೊರಗೆ ನಿಂತು, ‘ನಾಳೆ ಇಲ್ಲಿ ಒಂದು ಲಕ್ಷ ಜನ ಬಂದರೆ ಅವರು ಎಲ್ಲಿ ನಿಲ್ಲುವರು?’ ಎಂದು ತಮ್ಮನ್ನು ತಾವೇ ಕೇಳಿಕೊಂಡಿದ್ದರೆ ಸಾಕಾಗಿತ್ತು. ಅಂದು ಕಪ್ಪು ಗೆದ್ದು ಇನ್ನೂ ಒಂದು ದಿನವೂ ಕಳೆದಿರಲಿಲ್ಲ. ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ. ವ್ಯವಧಾನವಿಲ್ಲದಲ್ಲಿ ಸಮಾರಂಭವನ್ನು ಮುಂದಕ್ಕೆ ಹಾಕುವುದು ಅವಮಾನವೇನಲ್ಲ.

ಇನ್ನು ನಮ್ಮ ಮಲೆನಾಡಿನ ಸೆರಗಿನ ಊರುಗಳಿಗೆ ಅವುಗಳದೇ ಆದ ಪರೀಕ್ಷೆಗಳಿವೆ. ಮೊದಲನೆಯದು ಮಳೆ. ಜ್ಯೇಷ್ಠದ ಮುಹೂರ್ತವನ್ನು ಇಟ್ಟುಕೊಂಡು ಮಾಘದ ಬಿಸಿಲಿನಲ್ಲಿ ಮಂಟಪವನ್ನು ನೋಡಿದರೆ ಅರ್ಧ ನೋಡಿದಂತೆ. ತಗಡಿನ ಚಾವಣಿಯ ಊಟದ ಮನೆ ಬಿಸಿಲಿನಲ್ಲಿ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಜೂನಿನ ಮೊದಲ ಮಳೆ ಅದರ ಮೇಲೆ ಬಿದ್ದಾಗ ಪುರೋಹಿತರ ಮಂತ್ರ ವರನಿಗೇ ಕೇಳಿಸುವುದಿಲ್ಲ. ಇನ್ನು ವಾಲಗದವರು ಯಾವ ಸಂಜ್ಞೆಯ ಮೇಲೆ ಗಟ್ಟಿಮೇಳ ಊದಬೇಕು? ವಾಹನ ನಿಲ್ಲಿಸಲು ವಿಶಾಲವಾದ ಬಯಲಿದೆ ಎನ್ನುತ್ತಾರೆ. ಬಯಲು ಗದ್ದೆಯ ಮಣ್ಣಿನದಾದರೆ ಒಂದು ಮಳೆಗೆ ಬಸ್ಸಿನ ಚಕ್ರ ಅಚ್ಚಿನವರೆಗೆ ಹೂತುಹೋಗುತ್ತದೆ. ಮಳೆಗಾಲದ ನಿಜವನ್ನು ಬೇಸಗೆಯಲ್ಲಿ ತಿಳಿಯುವ ಉಪಾಯವೂ ಉಂಟು: ಗೋಡೆಯ ಬುಡದಲ್ಲಿ ನೀರಿನ ಕಲೆ ಎಷ್ಟೆತ್ತರಕ್ಕಿದೆ ನೋಡುವುದು, ಚಾವಣಿಯ ಮೂಲೆಯಲ್ಲಿ ಹಸುರು ಪಾಚಿಯ ಗೆರೆ ಇದೆಯೇ ನೋಡುವುದು, ಎದುರಿನ ಅಂಗಡಿಯವನನ್ನು ವಿಚಾರಿಸುವುದು. ಗೋಡೆಗೆ ಹೊಸ ಸುಣ್ಣ ಬಳಿದಿದ್ದರೆ ಅಂಗಡಿಯವನನ್ನು ಎರಡು ಸಲ ವಿಚಾರಿಸುವುದು.

ಶಿವಮೊಗ್ಗದವರಿಗೆ ತುಂಗೆಯ ಮಟ್ಟವನ್ನು ಹೇಳುವುದು ಕೋರ್ಪಲಯ್ಯನ ಛತ್ರದ ಬಳಿಯ ಹೊಳೆಯೊಳಗಿನ ಕಲ್ಲುಮಂಟಪ. ಮಂಟಪ ಮುಳುಗಿತೆಂದರೆ ಹೊಳೆ ತುಂಬಿತೆಂದು ಲೆಕ್ಕ. ಊರವರು ನೋಡಲು ಹೋಗುತ್ತಾರೆ, ಬಾಗಿನ ಬಿಡುತ್ತಾರೆ. ಸಂತೋಷವೇ. ಆದರೆ 2019ರ ಆಗಸ್ಟಿನಲ್ಲಿ ಅದೇ ತುಂಗೆ ಊರಿನ ತಗ್ಗು ಬಡಾವಣೆಗಳ ಒಳಕ್ಕೇ ಬಂದಳು. ಜನ ಮನೆ ಬಿಟ್ಟು ಏಳಬೇಕಾಯಿತು. ಅತ್ತ ಭದ್ರಾವತಿಯಲ್ಲಿ, ಲಕ್ಕವಳ್ಳಿಯ ಅಣೆಕಟ್ಟೆ ತುಂಬಿ ಹೆಚ್ಚು ನೀರು ಬಿಟ್ಟಾಗ ಊರ ನಡುವಿನ ಸೇತುವೆಯ ಮೇಲೆ ನೀರು ಹರಿದು ಸಂಚಾರ ನಿಲ್ಲುವುದುಂಟು. ಶ್ರಾವಣದಲ್ಲಿ ಮುಹೂರ್ತವಿಟ್ಟುಕೊಂಡವರು ಮಂಟಪವನ್ನು ಮಾತ್ರ ನೋಡಿದರೆ ಸಾಲದು. ದಿಬ್ಬಣ ಯಾವ ದಡದಿಂದ ಯಾವ ದಡಕ್ಕೆ ಬರಬೇಕೆಂಬುದನ್ನೂ ನೋಡಬೇಕು. ಎರಡೂರುಗಳ ನಡುವಿನ ದೂರ ಇಪ್ಪತ್ತು ಕಿಲೋಮೀಟರಿನ ಒಳಗೇ. ಆದರೆ ಬಿದ್ದ ಮರ, ಮುಳುಗಿದ ಸೇತುವೆ, ಮುಚ್ಚಿದ ರೈಲ್ವೆ ಗೇಟು, ಇವಕ್ಕೆ ಕಿಲೋಮೀಟರಿನ ಲೆಕ್ಕ ತಿಳಿಯದು. ಮುಹೂರ್ತವಂತೂ ಯಾರಿಗಾಗಿಯೂ ಕಾಯುವುದಿಲ್ಲ.

ಎರಡನೆಯದು ಜಾತ್ರೆ. ಕೋಟೆಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಐದು ದಿನ ನಡೆಯುತ್ತದೆ. ಮೊದಲ ದಿನ ತಾಯಿ ಗಾಂಧಿಬಜಾರಿನಲ್ಲಿ ತವರಿನ ಪೂಜೆಯನ್ನು ಸ್ವೀಕರಿಸಿ, ರಾತ್ರಿ ಮೆರವಣಿಗೆಯಲ್ಲಿ ಕೋಟೆಯ ಗುಡಿಗೆ ಬರುತ್ತಾಳೆ. ಆ ದಿನಗಳಲ್ಲಿ ಕೋಟೆ ರಸ್ತೆಯಲ್ಲಿ ಕಾರು ಹೋಗುವ ಮಾತಿರಲಿ, ಮನುಷ್ಯನೇ ಅಡ್ಡವಾಗಿ ಹೋಗಬೇಕು. ಜಾತ್ರೆ ಬರುವುದು ಫೆಬ್ರವರಿ, ಮಾರ್ಚಿನಲ್ಲಿ, ಮದುವೆಗಳೂ ಆಗಲೇ. ಪಂಚಾಂಗದಲ್ಲಿ ತಾರಾಬಲ, ಚಂದ್ರಬಲಗಳನ್ನು ನೋಡುವವರು ಆ ಬೀದಿಯ ಬಲವನ್ನೂ ಒಂದಿಷ್ಟು ನೋಡಬೇಡವೆ? ಹೊರಗಿನ ಊರಿನಿಂದ ಬರುವ ಬೀಗರಿಗೆ ಇದು ಗೊತ್ತಿರುವ ಸಂಭವವಿಲ್ಲ. ಬೆಂಗಳೂರಿನಲ್ಲಿ ಕುಳಿತ ಸಮಾರಂಭ ವ್ಯವಸ್ಥಾಪಕರಿಗಂತೂ ಗೊತ್ತೇ ಇರುವುದಿಲ್ಲ. ಅವರ ನಕ್ಷೆಯಲ್ಲಿ ಆ ರಸ್ತೆ ವರ್ಷದ ಮುನ್ನೂರ ಅರವತ್ತೈದು ದಿನವೂ ಒಂದೇ ಬಣ್ಣದ ಗೆರೆ. ಗಣಪತಿಯ ವಿಸರ್ಜನೆಯ ಮೆರವಣಿಗೆಯ ದಿನವೂ ಹೀಗೆಯೇ; ಆ ದಿನ ಊರಿನ ರಸ್ತೆಗಳ ದಿಕ್ಕುದೆಸೆ ಪೋಲೀಸರ ಪ್ರಕಟಣೆಯ ಮೇಲೆ ನಿಂತಿರುತ್ತದೆ. ಕೋಟೆಯ ಭಾಗದ ಹಳೆಯ ಬೀದಿಗಳು ಕಾರುಗಳಿಗಾಗಿ ಅಳೆದು ಮಾಡಿದವಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಇನ್ನೂರು ಕಾರುಗಳು ಬರುವ ಮದುವೆಗೆ ಇಪ್ಪತ್ತು ಕಾರುಗಳ ಎಡೆ ಇದ್ದರೆ ಉಳಿದ ನೂರ ಎಂಬತ್ತು ನಿಲ್ಲುವುದು ಬೇರೆಯವರ ಮನೆಯ ಬಾಗಿಲಿನಲ್ಲಿ. ಮದುವೆಯ ಮನೆಗೆ ಬರುವ ಮೊದಲ ಶಾಪ ಅಲ್ಲಿಂದಲೇ.

ಸ್ಥಳವನ್ನು ಮುಂಚಿತವಾಗಿ ಕಾಣುವುದು ಹೊಸ ವಿದ್ಯೆಯೇನೂ ಅಲ್ಲ. ಕಂಪನಿ ನಾಟಕದವರು ಒಂದು ಊರಿನಿಂದ ಇನ್ನೊಂದು ಊರಿಗೆ ಕ್ಯಾಂಪು ಬದಲಿಸುವ ಮೊದಲು ತಮ್ಮವನೊಬ್ಬನನ್ನು ಮುಂದಾಗಿ ಕಳುಹಿಸುತ್ತಿದ್ದರು. ಬಯಲು ಎಷ್ಟು, ಗಾಳಿ ಯಾವ ಕಡೆ, ನಟನಟಿಯರು ಇಳಿಯಲು ಮನೆ ಎಲ್ಲಿ, ರಾತ್ರಿ ಆಟ ಬಿಟ್ಟ ಮೇಲೆ ಹಳ್ಳಿಯ ಗಾಡಿಗಳು ತಿರುಗಲು ಜಾಗವಿದೆಯೇ, ಇವೆಲ್ಲ ಅವನು ಕಂಡು ಬರಬೇಕಾದುವು. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ ನಾಟಕದಲ್ಲಿ ಜೀವಂತ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದವರು. ಆನೆ ನಡೆಯಬೇಕಾದ ನೆಲವನ್ನು ಕಾಗದದ ಮೇಲೆ ಒಪ್ಪಿಕೊಳ್ಳುವುದು ಸಾಧ್ಯವೆ? ಇದೇ ಜಿಲ್ಲೆಯ ಹೆಗ್ಗೋಡಿನ ನೀನಾಸಂನವರ ‘ತಿರುಗಾಟ’ 1985ರಿಂದ ಊರೂರು ಸುತ್ತುತ್ತಿದೆ. ಒಂದೇ ನಾಟಕ ಇಂದು ಪಟ್ಟಣದ ರಂಗಮಂದಿರದಲ್ಲಿ, ನಾಳೆ ಹಳ್ಳಿಯ ಶಾಲೆಯ ಬಯಲಿನಲ್ಲಿ. ಹಾಗೆ ತಿರುಗುವವರಿಗೆ ರಂಗದ ಉದ್ದಗಲ, ವಿದ್ಯುತ್ತಿನ ಪ್ರಮಾಣ, ಪ್ರೇಕ್ಷಕರು ಕುಳಿತುಕೊಳ್ಳುವ ಬಗೆ ಇವುಗಳ ಅರಿವು ಅನ್ನದಷ್ಟೇ ಅಗತ್ಯ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕಥೆಯನ್ನೇ ತೆಗೆದುಕೊಳ್ಳಬಹುದು. 1923ರಲ್ಲಿ ಕುಲುಮೆ ಹೊತ್ತಿದುದು ಬೆಂಕಿಪುರವೆಂಬ ಸಣ್ಣ ಊರಿನಲ್ಲಿ. ಕೆಮ್ಮಣ್ಣುಗುಂಡಿಯ ಅದಿರು, ಸುತ್ತಲಿನ ಕಾಡಿನ ಸೌದೆ, ಭದ್ರೆಯ ನೀರು, ಬೀರೂರಿನಿಂದ ಬಂದಿದ್ದ ರೈಲು, ಇಷ್ಟೂ ಕೂಡುವ ಸ್ಥಳ ಯಾವುದೆಂದು ನೆಲದ ಮೇಲೆ ಕಂಡೇ ನಿರ್ಧರಿಸಬೇಕಾಯಿತು. ಕಾರ್ಖಾನೆಗೂ ಕಲ್ಯಾಣಕ್ಕೂ ಎಲ್ಲಿಯ ಹೋಲಿಕೆ ಎಂದು ನಗಬಹುದು. ಬೆಂಕಿ, ನೀರು, ದಾರಿ ಮೂರೂ ಎರಡಕ್ಕೂ ಬೇಕು.

ರಾಯರ ಮನೆಯವರ ಕಡೆಗೆ ಮರಳುವುದಾದರೆ, ಅವರು ಅಂದು ಮುಂಗಡ ಕೊಡದೆ ಹಿಂತಿರುಗುತ್ತಾರೆ. ಮಗನಿಗೆ ಅಸಮಾಧಾನ. “ಹೀಗೆ ನೋಡುತ್ತ ಹೋದರೆ ಯಾವ ಮಂಟಪವೂ ಸಿಕ್ಕುವುದಿಲ್ಲ ಅಜ್ಜಿ” ಎನ್ನುತ್ತಾನೆ. ಅವನ ಮಾತಿನಲ್ಲಿಯೂ ನ್ಯಾಯವಿದೆ. ಮದುವೆಯ ತಿಂಗಳುಗಳಲ್ಲಿ ಒಳ್ಳೆಯ ಮಂಟಪಗಳು ಆರು ತಿಂಗಳ ಮೊದಲೇ ಹೋಗಿಬಿಡುತ್ತವೆ. ದೋಷವಿಲ್ಲದ ಮಂಟಪವನ್ನು ಹುಡುಕುವವನು ದೋಷವಿಲ್ಲದ ವರನನ್ನು ಹುಡುಕುವವನಂತೆ. ಮಗಳಿಗೆ ನಲವತ್ತು ತುಂಬುತ್ತದೆ. ಆದರೆ ನೋಡುವುದರ ಉದ್ದೇಶ ದೋಷವಿಲ್ಲದುದನ್ನು ಆರಿಸುವುದಲ್ಲ. ಇರುವ ದೋಷವನ್ನು ಮೊದಲೇ ತಿಳಿದಿರುವುದು. ಲಿಫ್ಟಿಲ್ಲವೆಂದು ಗೊತ್ತಿದ್ದರೆ ವಯಸ್ಸಾದವರಿಗೆ ಕೆಳಗೆಯೇ ಇಪ್ಪತ್ತು ಎಲೆ ಹಾಕಿಸಬಹುದು. ನೀರು ಕಡಿಮೆಯೆಂದು ಗೊತ್ತಿದ್ದರೆ ಟ್ಯಾಂಕರನ್ನು ಹಿಂದಿನ ದಿನವೇ ತರಿಸಿಡಬಹುದು. ಮಾಡು ತಗಡಿನದೆಂದು ಗೊತ್ತಿದ್ದರೆ ವಾಲಗದವರಿಗೆ ಕೈಸನ್ನೆ ಮಾಡಲು ಒಬ್ಬ ಹುಡುಗನನ್ನು ನಿಲ್ಲಿಸಬಹುದು. ಹಿಂಬಾಗಿಲಿನ ಬೀಗಕ್ಕೆ ಮಾತ್ರ ಯಾವ ಪರಿಹಾರವೂ ಇಲ್ಲ. ಅದನ್ನು ತೆಗೆಸಲೇಬೇಕು, ಇಲ್ಲವೆ ಬೇರೆ ಮಂಟಪ ನೋಡಬೇಕು.

ನೋಡಲು ಹೋಗುವ ಹೊತ್ತು ಯಾವುದು? ಸಂಜೆ, ದೀಪ ಹೊತ್ತಿಸಿದ ಮೇಲೆ ಬನ್ನಿ ಎನ್ನುತ್ತಾರೆ ಮಂಟಪದವರು. ಬೇಡ. ಮುಹೂರ್ತ ಹತ್ತೂವರೆಗಿದ್ದರೆ ಹತ್ತೂವರೆಗೇ ಹೋಗಬೇಕು. ಆಗ ಪೂರ್ವದ ಕಿಟಕಿಯ ಬಿಸಿಲು ವಧೂವರರ ಕಣ್ಣಿಗೆ ಹೊಡೆಯುವುದೋ ಇಲ್ಲವೋ ಗೊತ್ತಾಗುತ್ತದೆ. ಪಕ್ಕದ ಶಾಲೆಯ ಗಂಟೆ, ಎದುರಿನ ಮರದ ಮಿಲ್ಲಿನ ಸದ್ದು ಗೊತ್ತಾಗುತ್ತದೆ. ಇನ್ನೂ ಮೇಲೆಂದರೆ, ಆ ಮಂಟಪದಲ್ಲಿ ಬೇರೆಯವರ ಮದುವೆ ನಡೆಯುವ ದಿನ ಒಮ್ಮೆ ಹೋಗುವುದು. ಅಕ್ಷತೆ ಹಾಕಿ, ಊಟದ ಮನೆಯ ಬಾಗಿಲಿನಲ್ಲಿ ಗಡಿಯಾರ ಹಿಡಿದು ನಿಂತರೆ ಎರಡು ಪಂಕ್ತಿಯಲ್ಲಿ ಎಲ್ಲ ತಿಳಿದುಹೋಗುತ್ತದೆ. ಹೋಮದ ಹೊಗೆ ಎತ್ತ ಸಾಗುವುದೆಂಬುದು ಅಂದೇ ಕಾಣುವ ಸಂಗತಿ. ಹವಾನಿಯಂತ್ರಣವಿರುವ ಹೊಸ ಮಂಟಪಗಳಲ್ಲಿ ಕಿಟಕಿಗಳೇ ಇಲ್ಲದಿರುವುದುಂಟು; ಅಲ್ಲಿ ಅಗ್ನಿಸಾಕ್ಷಿಯಾಗಿ ಕೈಹಿಡಿಯುವ ವಧು ಕಣ್ಣೀರು ಸುರಿಸುವುದು ತವರಿನ ಅಗಲಿಕೆಗಲ್ಲ, ತುಪ್ಪದ ಹೊಗೆಗೆ. ಕೆಲವು ಕಡೆ ಹೋಮವನ್ನು ಒಳಗೆ ಮಾಡಲು ಬಿಡುವುದೇ ಇಲ್ಲ. ಅದನ್ನು ಧಾರೆಯ ಬೆಳಗ್ಗೆ ಪುರೋಹಿತರ ಬಾಯಿಂದ ಕೇಳುವುದಕ್ಕಿಂತ ಆರು ತಿಂಗಳ ಮೊದಲು ಕೇಳುವುದು ಹಿತ.

ಕಣ್ಣಿಗೆ ಕಾಣದ ಕೆಲವು ವಿಷಯಗಳೂ ಉಂಟು. ಅವನ್ನು ಬಾಯಿಬಿಟ್ಟು ಕೇಳಿ ಬರಹದಲ್ಲಿ ಪಡೆಯಬೇಕು. ಮಂಟಪ ಹಿಂದಿನ ದಿನ ಎಷ್ಟು ಗಂಟೆಗೆ ಕೈಗೆ ಸಿಕ್ಕುತ್ತದೆ? ವರಪೂಜೆ ಆರಕ್ಕಿದ್ದು ಮಂಟಪ ನಾಲ್ಕಕ್ಕೆ ಸಿಕ್ಕಿದರೆ ಹೂವಿನವನು ಎರಡು ಗಂಟೆಯಲ್ಲಿ ಏನು ಕಟ್ಟಿಯಾನು? ಅಡಿಗೆಯವರು ತಮ್ಮವರೋ, ಮಂಟಪದವರು ಹೇಳಿದವರೇ ಆಗಬೇಕೋ? ಜನರೇಟರಿನ ಎಣ್ಣೆ, ವಿದ್ಯುತ್ತಿನ ಯೂನಿಟ್ಟು, ಗುಡಿಸುವ ಕೂಲಿ, ಎಂಜಲೆಲೆ ಸಾಗಿಸುವ ಬಾಡಿಗೆ ಇವು ಒಳಗೋ, ಹೊರಗೋ? ಧ್ವನಿವರ್ಧಕದ ವಿಷಯವಾಗಿ 2000ದ ಶಬ್ದಮಾಲಿನ್ಯ ನಿಯಮಗಳಿವೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಹೊರಗೆ ಕೇಳುವಂತೆ ಹಾಕುವ ಹಾಗಿಲ್ಲ. ಬಯಲಿನಲ್ಲಿ ಆರತಕ್ಷತೆಯಿಟ್ಟು ಹಾಡಿನವರನ್ನು ಕರೆಸುವವರು ಇದನ್ನು ನೆನೆದಿದ್ದರೆ, ಹಾಡು ಅರ್ಧದಲ್ಲಿ ನಿಲ್ಲುವ ಪ್ರಸಂಗ ಬಾರದು. ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನು ಕರ್ನಾಟಕದಲ್ಲಿ 2016ರಲ್ಲೇ ನಿಷೇಧಿಸಿದೆ. ಮಂಟಪದವರ ಕೋಣೆಯಲ್ಲಿ ಅದರ ಸುರುಳಿಗಳು ಕಂಡರೆ ಅವರು ಉಳಿದ ನಿಯಮಗಳನ್ನು ಎಷ್ಟರಮಟ್ಟಿಗೆ ಪಾಲಿಸುವರೆಂಬುದಕ್ಕೂ ಅದೊಂದು ಸೂಚನೆ.

ಇತ್ತೀಚೆಗೆ ಈ ಭಾರವನ್ನೆಲ್ಲ ಹಣ ಕೊಟ್ಟು ಇಳಿಸಿಕೊಳ್ಳುವ ವಾಡಿಕೆ ಬಂದಿದೆ. ಸಮಾರಂಭಗಳನ್ನು ನಡೆಸಿಕೊಡುವುದನ್ನೇ ವೃತ್ತಿಯಾಗಿಸಿಕೊಂಡ ಯುವಕರು ಶಿವಮೊಗ್ಗದಂತಹ ಊರಿನಲ್ಲಿಯೂ ಇದ್ದಾರೆ. 2023ರ ಫೆಬ್ರವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ದೂರದ ಊರಿನವರು ಮಲೆನಾಡಿನ ಸೊಬಗಿಗೆಂದು ಇಲ್ಲಿ ಮದುವೆ ಇಟ್ಟುಕೊಳ್ಳುವುದಕ್ಕೂ ದಾರಿಯಾಗಿದೆ. ಒಳ್ಳೆಯದೇ, ನಾಲ್ಕು ಮಂದಿಗೆ ಉದ್ಯೋಗ. ಆದರೆ ಅಂಥವರು ಅಲಂಕಾರದ ಬಣ್ಣಗಳ ಬಗೆಗೆ ಎರಡು ಗಂಟೆ ಮಾತನಾಡಿ, ಸ್ಥಳಕ್ಕೆ ಒಮ್ಮೆಯೂ ಹೋಗದಿದ್ದರೆ ಅವರ ಜಾಣ್ಮೆಯನ್ನು ನಂಬುವುದು ಕಷ್ಟ. ಅಳತೆಯ ಟೇಪು ಹಿಡಿದು, ಬಾಗಿಲಿನ ಅಗಲವನ್ನು ಬರೆದುಕೊಂಡು, ಅಡಿಗೆಯವನನ್ನೂ ವಿದ್ಯುತ್ತಿನವನನ್ನೂ ಜೊತೆಗೆ ಕರೆದೊಯ್ಯುವವನು ಸಿಕ್ಕಿದರೆ ಅವನಿಗೆ ಕೇಳಿದಷ್ಟು ಕೊಡಬಹುದು. ವಿದೇಶದಲ್ಲಿರುವ ಮಕ್ಕಳು, ಬೆಂಗಳೂರಿನ ನೌಕರಿಯವರು, ತಾವೇ ಬರಲು ಆಗದಿದ್ದರೆ ಯಾರನ್ನು ಕಳುಹಿಸಬೇಕೆಂಬ ಪ್ರಶ್ನೆಯೂ ಏಳುತ್ತದೆ. ಸಾಮಾನ್ಯವಾಗಿ ಕಳುಹಿಸುವುದು ಮನೆತನದಲ್ಲಿ ಪ್ರತಿಷ್ಠಿತರಾದವರನ್ನು. ಅವರು ಹೋಗುತ್ತಾರೆ, ವ್ಯವಸ್ಥಾಪಕರ ಕೋಣೆಯಲ್ಲಿ ಕುಳಿತು ಕಾಫಿ ಕುಡಿಯುತ್ತಾರೆ, ‘ಭೇಷಾಗಿದೆ’ ಎಂದು ಫೋನು ಮಾಡುತ್ತಾರೆ. ಅವರ ಬದಲು ಮದುವೆಯ ದಿನ ನಿಜವಾಗಿ ದುಡಿಯುವವರನ್ನು ಕಳುಹಿಸಬೇಕು: ಉಗ್ರಾಣ ನೋಡಿಕೊಳ್ಳುವ ಚಿಕ್ಕಮ್ಮನನ್ನು, ಬಡಿಸುವ ಹುಡುಗರ ಮುಂದಾಳನ್ನು, ಗಾಲಿಕುರ್ಚಿಯಲ್ಲಿ ಬರಬೇಕಾದ ತಾತನನ್ನು ತಳ್ಳುವ ಮೊಮ್ಮಗನನ್ನು.

ಮಹಾಸಭೆಗಳ ಮಾತೂ ಬೇರೆಯಲ್ಲ. 2006ರ ಡಿಸೆಂಬರಿನಲ್ಲಿ ನಿಸಾರ್ ಅಹಮದರ ಅಧ್ಯಕ್ಷತೆಯಲ್ಲಿ 73ನೆಯ ಕನ್ನಡ ಸಾಹಿತ್ಯ ಸಮ್ಮೇಳನ ಶಿವಮೊಗ್ಗದಲ್ಲೇ ನಡೆಯಿತು. ಅಂತಹ ಸಮ್ಮೇಳನದಲ್ಲಿ ಭಾಷಣದ ನೆನಪು ಉಳಿಯದವನಿಗೂ ಊಟದ ಸಾಲಿನ ನೆನಪು ಉಳಿಯುತ್ತದೆ. ಶಾಲೆಯ ವಾರ್ಷಿಕೋತ್ಸವ, ಸಂಘದ ಬೆಳ್ಳಿಹಬ್ಬ, ಪುಸ್ತಕ ಬಿಡುಗಡೆ, ಎಲ್ಲಕ್ಕೂ ಇದೇ ಲೆಕ್ಕ. ಪುಸ್ತಕ ಬಿಡುಗಡೆಗೆ ಮಾತ್ರ ತಿರುವುಮುರುವಾದ ಒಂದು ಅಪಾಯವುಂಟು: ಐನೂರು ಆಸನದ ಸಭಾಂಗಣದಲ್ಲಿ ನಲವತ್ತು ಜನ ಕುಳಿತರೆ ಕವಿಗೆ ಆಗುವ ದುಃಖವನ್ನು ಅಳೆಯುವ ಟೇಪು ಇನ್ನೂ ಬಂದಿಲ್ಲ.

ರಾಯರ ಕಲ್ಪಿತ ಸಂಸಾರ ಕಡೆಗೆ ಆರಿಸಿಕೊಳ್ಳುವುದು ಇನ್ನೊಂದು ಮಂಟಪವನ್ನು. ಅದರ ಚಿತ್ರ ಅಷ್ಟೇನೂ ಚೆನ್ನಾಗಿಲ್ಲ. ಗೋಡೆಯ ಬಣ್ಣ ಹಳೆಯದು, ತೂಗುದೀಪವಿಲ್ಲ. ಊಟದ ಮನೆ ನೆಲದ ಮಟ್ಟದಲ್ಲಿದೆ; ಒಮ್ಮೆಗೆ ಇನ್ನೂರೈವತ್ತು ಎಲೆ. ಮೂರು ಬಾಗಿಲುಗಳು, ಮೂರೂ ಹೊರಕ್ಕೆ ತೆರೆಯುವಂತಹವು. ರಾಯರು ಮುಂಗಡದ ರಸೀತಿಯನ್ನು ಪಡೆದು ಜೇಬಿನಲ್ಲಿಟ್ಟುಕೊಳ್ಳುತ್ತಿರುವಾಗ ಮುದುಕಿ ಮತ್ತೆ ಕಾವಲುಗಾರನ ಬಳಿಗೆ ಹೋಗುತ್ತಾಳೆ.

“ರಾತ್ರಿ ಈ ಬಾಗಿಲುಗಳ ಬೀಗದ ಕೈ ಯಾರ ಹತ್ತಿರ ಇರುತ್ತದಪ್ಪಾ?”

“ನನ್ನ ಹತ್ತಿರವೇ ಅಮ್ಮ.”

“ನೀನು ಮಲಗುವುದೆಲ್ಲಿ?”

ಅವನು ಮೆಟ್ಟಿಲಿನ ಕೆಳಗಿನ ಚಾಪೆಯನ್ನು ತೋರಿಸುತ್ತಾನೆ. ಮುದುಕಿ ಅಲ್ಲಿಗೂ ಹೋಗಿ ನೋಡಿ ಬರುತ್ತಾಳೆ.